ತಲೆ ನೋಡು, ಬಾಲ ನೋಡು

ಮೊನ್ನೆ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ಅಂಗವಿಕಲ ಯುವಕ ಯುವತಿಯರಿಗೆ ಓದು ಬರಹ, ಕೈಕೆಲಸ ಕಲಿಸುವ ಕೇಂದ್ರವೊಂದಕ್ಕೆ ಹೊಸದಾಗಿ ಸೇರಿದ್ದಾರಂತೆ. ನಾನು ಅದೇ ಕೆಲಸ ಮಾಡಿ ನಿವೃತ್ತಳಾದವಳು ಅಂತ ಯಾರೋ ಹೇಳಿ ಕಳಿಸಿದ್ದಾರೆ. ಕಾಫಿ ಕುಡಿದು, ನೋಟ್‌ಬುಕ್ಕು ಬಿಚ್ಚಿ, "ಮೇಡಂ, ಏನಾದ್ರೂ ಟಿಪ್ಸ್ ಕೊಡಿ" ಅಂದರು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಟಿಪ್ಸ್ ಕೊಡೋಕೆ ಇದೇನು ಹೋಳಿಗೆ ಮಾಡೋ ವಿಷಯವೇ? ಈ ಕೆಲಸದಲ್ಲಿ ಅಷ್ಟೂ ವರ್ಷ ನನ್ನ ಜೊತೆ ತಪ್ಪದೆ ಇದ್ದದ್ದು ಹೊಟ್ಟೆಯೊಳಗಿನ ಒಂದು ಸಂಕಟ. ಬೆಳಿಗ್ಗೆ ಬಸ್ಸು ಹತ್ತುವಾಗ ಶುರುವಾದರೆ ಸಂಜೆ ಬಂದು ಅನ್ನಕ್ಕಿಡುವ ತನಕ ಬಿಡುತ್ತಿರಲಿಲ್ಲ. ಬೇಕಾದರೆ ಅದನ್ನು ಹೇಳುತ್ತೇನೆ, ಕೂತ್ಕೊಳ್ಳಿ ಅಂದೆ. ಅವರಿಗೆ ಬಸ್ಸಿಗೆ ಹೊತ್ತಾಗಿತ್ತು, ಎದ್ದರು. ಹಾಗಾಗಿ ಬರೆಯುತ್ತಿದ್ದೇನೆ. ಓದುವ ಪುರುಸೊತ್ತು ಇದ್ದರೆ ಓದಿಕೊಳ್ಳಲಿ.

ನಾನು ದಾವಣಗೆರೆ ಕಡೆಯವಳು. ಮದುವೆಯಾಗಿ ಬೆಂಗಳೂರಿನ ದಾಸರಹಳ್ಳಿಗೆ ಬಂದೆ. ತೊಂಬತ್ತರ ದಶಕದ ಶುರುವಿನಲ್ಲಿ ಮಾಕಳಿಯ ಹತ್ತಿರ, ತುಮಕೂರು ರಸ್ತೆಯ ಪಕ್ಕದಲ್ಲಿದ್ದ ಒಂದು ಚಿಕ್ಕ ಕೇಂದ್ರಕ್ಕೆ ಸೇರಿದೆ. ಶೀಟಿನ ಸೂರು, ಎರಡು ಕೋಣೆ, ಒಂದು ಬೋರ್ಡು. ಲಾರಿ ಹೋದರೆ ಗೋಡೆ ಅದುರೋದು. ಅದನ್ನು ಕಟ್ಟಿದವರು ಶಿವಾನಂದಪ್ಪನವರು, ಯಾವುದೋ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ರಿಟೈರ್ ಆದವರು. ನಾವೆಲ್ಲ ಅವರನ್ನು ದೊಡ್ಡ ಸಾರ್ ಅನ್ನುತ್ತಿದ್ದೆವು. ಮನುಷ್ಯ ಒಳ್ಳೆಯವರು, ಆದರೆ ವಿಪರೀತ ಅವಸರ. "ನಾಲ್ಕು ತಿಂಗಳು ಓದು ಬರಹ, ಎರಡು ತಿಂಗಳು ಕೈಕೆಲಸ, ಆಮೇಲೆ ಸೀದಾ ಪೀಣ್ಯದ ಫ್ಯಾಕ್ಟರಿ. ಅದಕ್ಕಿಂತ ಜಾಸ್ತಿ ತಗೊಂಡ್ರೆ ನಾವು ಸೋಮಾರಿಗಳು ಅಂತ ಅರ್ಥ, ಮೇಡಂ" ಅನ್ನೋರು.

ಅವಸರದ ಒಂದು ಉದಾಹರಣೆ ಕೊಡುತ್ತೇನೆ. ನಾನು ಸೇರಿದ ವರ್ಷ ಯಾರೋ ಪುಣ್ಯಾತ್ಮರು ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರಗಳನ್ನು ದಾನ ಮಾಡಿದರು. ದೊಡ್ಡ ಸಾರ್ ಹಿಗ್ಗಿ ಹೋದರು. ಹೊಲಿಗೆ ಕ್ಲಾಸು ಶುರು ಅಂದರು. ಕ್ಲಾಸಿಗೆ ಹೆಸರು ಕೊಟ್ಟವರಲ್ಲಿ ಮುಕ್ಕಾಲು ಪಾಲು ಪೋಲಿಯೋ ಆದವರು. ನಾನೂ ಪೆದ್ದಿಯ ಹಾಗೆ ಹಾಜರಿ ಪುಸ್ತಕ ಹಿಡಿದು ನಿಂತಿದ್ದೆ. ಕಾಲಿಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡಿದ್ದ ಒಬ್ಬ ಹುಡುಗ ಯಂತ್ರದ ಕೆಳಗೆ ಬಗ್ಗಿ ನೋಡಿ, "ಮೇಡಂ, ಇದನ್ನ ನಮ್ಮಪ್ಪ ಬಂದು ತುಳೀಬೇಕಾ?" ಅಂದ. ಎಲ್ಲರೂ ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಮೇಲೆ ಕೈಯಲ್ಲಿ ತಿರುಗಿಸುವ ಹಿಡಿ ಹಾಕಿಸಿದೆವು, ಆ ಮಾತು ಬೇರೆ.

ಅದು ನಗುವ ತಪ್ಪು. ನಗಲಾಗದ ತಪ್ಪೊಂದು ಮಾಡಿದ್ದೇನೆ. ಅದು ನಾಗರತ್ನಳ ವಿಷಯದಲ್ಲಿ.

ನಾಗರತ್ನ ಮಾಕಳಿಯವಳೇ. ಇಪ್ಪತ್ತು ವರ್ಷ, ಹುಟ್ಟಿನಿಂದ ಕಿವಿ ಕೇಳದು. ಒಂದು ವರ್ಷ ಶಾಲೆಯ ಹಿಂದಿನ ಸಾಲಿನಲ್ಲಿ ಕೂರಿಸಿ ಆಮೇಲೆ ಬಿಡಿಸಿದ್ದರು. ಅಪ್ಪ ಹನುಮಂತರಾಯಪ್ಪ ಜಮೀನು ಕೊಟ್ಟು ಬಂದದ್ದರಲ್ಲಿ ಸಾಲು ಮನೆ ಕಟ್ಟಿ ಫ್ಯಾಕ್ಟರಿ ಕೆಲಸದವರಿಗೆ ಬಾಡಿಗೆಗೆ ಬಿಟ್ಟಿದ್ದರು. ಆ ಮನೆಗಳ ಮುಂದೆ ಗುಡಿಸುವುದು, ಸಂಪಿನಿಂದ ನೀರು ಬಿಡುವುದು ಇವಳ ಪಾಲಿನ ಕೆಲಸ. ಬಾಡಿಗೆಯ ಹೆಣ್ಣುಮಕ್ಕಳು ಬೆಳಿಗ್ಗೆ ಟಿಫನ್ ಕ್ಯಾರಿಯರ್ ಹಿಡಿದು ಬಸ್ಸಿಗೆ ಓಡುವುದನ್ನು ದಿನಾ ನೋಡುತ್ತಿದ್ದಳು. ಒಂದು ದಿನ ತಾನೇ ನಮ್ಮ ಗೇಟಿಗೆ ಬಂದು ನಿಂತಳು. ಏನು ಬೇಕು ಅಂತ ಕೈಯಲ್ಲಿ ಕೇಳಿದೆ. ಇಲ್ಲದ ಕ್ಯಾರಿಯರನ್ನು ಕೈಯಲ್ಲಿ ಹಿಡಿದು, ಇಲ್ಲದ ಬಸ್ಸಿನ ಮೆಟ್ಟಿಲು ಹತ್ತಿ ತೋರಿಸಿದಳು.

ಅಪ್ಪ ಮರುದಿನವೇ ಬಂದರು. ನಡುಮನೆಯಲ್ಲಿ ಕೂತು ಮಾತಾಡುವ ಗತ್ತು. "ಮೇಡಮ್ಮೋರೆ, ನಮ್ಗೇನು ಕಮ್ಮಿ ಆಗೈತೆ ಯೇಳಿ? ಇವ್ಳು ದುಡ್ದು ತಂದ್ರೇನೇ ನಮ್ಮನೇಲಿ ಒಲೆ ಅತ್ಕೊಳ್ಳೋದಾ? ಮೂಗಿ ಮಗ್ಳನ್ನ ದುಡಿಯಾಕ್ ಕಳುಸ್ದ ಅಂತ ಊರೋರು ಆಡ್ಕೊಳಲ್ವಾ?"

"ಅವಳಿಗೆ ಹೆಸರಿದೆ, ಹನುಮಂತರಾಯಪ್ಪನವರೇ" ಅಂದೆ, ಸ್ವಲ್ಪ ಗಟ್ಟಿಯಾಗಿಯೇ.

"ಐತೆ, ಇಟ್ಟೋನು ನಾನೇಯ. ಕೂಗುದ್ರೆ ಕೇಳ್ಬೇಕಲ್ಲ" ಅಂದರು. ಆಮೇಲೆ ಮಗಳ ಮುಖ ನೋಡಿದರು. ಅವಳು ಬಾಗಿಲ ಬಳಿ ಕಣ್ಣು ಮಿಟುಕಿಸದೆ ನಿಂತಿದ್ದಳು. "ಕಲೀಲಿ ಬುಡಿ. ಕೆಲ್ಸಕ್ಕೂ ಓಗ್ಲಿ, ಮೂರು ತಿಂಗ್ಳು ನೋಡ್ತೀನಿ. ಅವ್ಳ ಮ್ಯಾಲೆ ಒಂದೇ ಒಂದು ದೂರು ಬಂತೋ, ಅಷ್ಟೇಯ. ಆಮ್ಯಾಕೆ ನೀವು ಬಂದು ಕೈಮುಗುದ್ರೂ ಕಳ್ಸಾಕಿಲ್ಲ."

ಒಂದೇ ಒಂದು ದೂರು. ನನ್ನ ಹೊಟ್ಟೆಸಂಕಟಕ್ಕೆ ಅಷ್ಟು ಸಾಕಾಯಿತು.

ಈಗ ಕಲಿಸಿದ ಬಗೆ ಹೇಳಬೇಕು, ಏಕೆಂದರೆ ತಪ್ಪು ಇರುವುದೇ ಅಲ್ಲಿ. ನನಗೆ ಸಿಕ್ಕಿದ್ದ ತರಬೇತಿ ಅಷ್ಟಕ್ಕಷ್ಟೆ. ಮೊದಲ ತಿಂಗಳು ನಾಗರತ್ನಳ ಮುಂದೆ ಕೂತು ಅ, ಆ, ಇ, ಈ ಅಂತ ಬಾಯಿ ಬಡಿದುಕೊಂಡೆ. ಸದ್ದೇ ಗೊತ್ತಿಲ್ಲದವಳಿಗೆ ಅಕ್ಷರದ ಸದ್ದು ಹೇಳಿ ಏನು ಪ್ರಯೋಜನ? ಅವಳು ನನ್ನ ಹಲ್ಲು ನೋಡುತ್ತಾ ಕೂತಿರುತ್ತಿದ್ದಳು. ಆಗ ನಾನೇ ಒಂದು ಉಪಾಯ ಮಾಡಿದೆ. ರಟ್ಟಿನ ಮೇಲೆ ಒಂದು ಕಡೆ ಚಿತ್ರ, ಇನ್ನೊಂದು ಕಡೆ ಇಡೀ ಪದ. ಅಕ್ಷರ ಕೂಡಿಸುವ ಗೋಜೇ ಇಲ್ಲ, ಪದದ ಮೊದಲಕ್ಷರ, ಕೊನೆಯಕ್ಷರ, ಉದ್ದ ನೋಡಿಕೊಂಡು ಗುರುತು ಹಿಡಿಯುವುದು. ಇದಕ್ಕೊಂದು ಸನ್ನೆಯೂ ಮಾಡಿದೆ. ಹಣೆ ಮುಟ್ಟಿಕೊಂಡು, ಆಮೇಲೆ ಸೊಂಟದ ಹಿಂದೆ ತಟ್ಟಿಕೊಳ್ಳುವುದು. ತಲೆ ನೋಡು, ಬಾಲ ನೋಡು. ಇಡೀ ಕ್ಲಾಸು ನಗುತ್ತಾ ತಟ್ಟಿಕೊಳ್ಳುತ್ತಿತ್ತು.

ಅಬ್ಬಾ, ಎಷ್ಟು ಬೇಗ ಕಲಿತಳು! ಬಾಗಿಲು, ಬಕೆಟ್ಟು, ಪೀಣ್ಯ, ನಿಲ್ಲಿಸು, ಬೆಂಕಿ, ಊಟ. ನಾಲ್ಕು ತಿಂಗಳಿಗೆ ಬಸ್ಸಿನ ಬೋರ್ಡು ಓದಿದಳು. ದೊಡ್ಡ ಸಾರ್ ಬಂದವರಿಗೆಲ್ಲ ಅವಳನ್ನು ಕರೆದು ತೋರಿಸೋರು. ನನಗೂ ಸ್ವಲ್ಪ ಕೊಂಬು ಬಂತು, ಸುಳ್ಳು ಯಾಕೆ ಹೇಳಲಿ.

ಪೀಣ್ಯದಲ್ಲಿ ಅವಳಿಗೆ ಕೆಲಸ ಸಿಕ್ಕಿದ್ದು ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆದು ಬುಷ್ ತಯಾರಿಸುವ ಚಿಕ್ಕ ಫ್ಯಾಕ್ಟರಿಯಲ್ಲಿ. ಬುಷ್ ಅಂದರೆ ಹೆಬ್ಬೆರಳು ತೂರುವಷ್ಟು ತೂತಿನ ಗಟ್ಟಿ ಬಳೆ ಅಂದುಕೊಳ್ಳಿ. ತೂತಿನ ಅಳತೆ ನೋಡೋಕೆ ಒಂದು ಗೇಜು ಇರುತ್ತದೆ. ಅದರ ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ನಾಗರತ್ನಳ ಬೆರಳು ಎಂಥ ಬೆರಳು ಅಂದರೆ, ಗೇಜು ಹಾಕುವ ಮೊದಲೇ ತೂತು ಸಡಿಲವೋ ಬಿಗಿಯೋ ಅಂತ ಮುಖದಲ್ಲಿ ತೋರಿಸಿಬಿಡುತ್ತಿದ್ದಳು. ಸೂಪರ್‌ವೈಸರ್ ಮುನಿರಾಜು, "ಸಕ್ಕತ್ ಕೈ ಮೇಡಂ ಈ ಹುಡುಗೀದು" ಅಂದರು. ಮಾಲೀಕರು, ಇವಳು ಮೂರು ತಿಂಗಳು ಸರಿಯಾಗಿ ನಿಂತರೆ ನಿಮ್ಮ ಕೇಂದ್ರದಿಂದ ಇನ್ನೂ ನಾಲ್ಕು ಜನರನ್ನು ತಗೋತೀನಿ ಅಂದರು.

ಅವಳು ಅಳತೆ ನೋಡಿದ ಟ್ರೇಯನ್ನು ಮುನಿರಾಜು ಸೀಳು ಗೀಳು ಇದೆಯಾ ಅಂತ ಇನ್ನೊಮ್ಮೆ ಪರೀಕ್ಷಿಸಿ ಮೇಲೊಂದು ಚೀಟಿ ಇಡುತ್ತಿದ್ದರು. ಆ ಚೀಟಿ ನೋಡಿ ಅವಳು ಪ್ಯಾಕ್ ಮಾಡಬೇಕು. ಚೀಟಿಯಲ್ಲಿ ಅವರು ಇಂಗ್ಲಿಷಿನಲ್ಲಿ ಎರಡಕ್ಷರ ಗೀಚುತ್ತಿದ್ದದ್ದು ರೂಢಿ. ನಾನು ಸುಮ್ಮನಿರಬಾರದಿತ್ತೇ? "ಕನ್ನಡದಲ್ಲಿ ಬರೀರಿ ಮುನಿರಾಜು, ನಮ್ಮ ಹುಡುಗಿ ಓದ್ತಾಳೆ" ಅಂತ ಎದೆಯುಬ್ಬಿಸಿ ಹೇಳಿದೆ. ಮುನಿರಾಜು ಹೈಸ್ಕೂಲಿನಲ್ಲಿ ಕನ್ನಡಕ್ಕೆ ಬಹುಮಾನ ತಗೊಂಡವರಂತೆ. ದುಂಡಗೆ, ಶುದ್ಧವಾಗಿ ಬರೆಯೋಕೆ ಶುರು ಮಾಡಿದರು. ಸರಿ ಇದ್ದ ಮಾಲಿಗೆ "ಕಳಿಸಬಹುದು". ಕೆಟ್ಟದ್ದಕ್ಕೆ "ಕಳಿಸಬಾರದು".

ನಾನು "ಕಳಿಸಬಹುದು" ಅಂತ ರಟ್ಟಿನ ಮೇಲೆ ಬರೆದು, ಹಿಂದೆ ಲಾರಿಯ ಚಿತ್ರ ಅಂಟಿಸಿ ಕಲಿಸಿದೆ. ಇನ್ನೊಂದು ರಟ್ಟು ಆಮೇಲೆ ಮಾಡೋಣ ಅಂತ ಬಿಟ್ಟೆ. ಕೆಟ್ಟ ಟ್ರೇಗಳನ್ನು ಮುನಿರಾಜು ತಾವೇ ಎತ್ತಿ ಹಿಂದೆ ಇಡುತ್ತಿದ್ದರಾದ್ದರಿಂದ ಎರಡೂವರೆ ತಿಂಗಳು ಏನೂ ಆಗಲಿಲ್ಲ. ಆದರೂ ಪ್ರತಿ ವಾರ ಫ್ಯಾಕ್ಟರಿಗೆ ಹೋಗುವಾಗ ಮೊದಲು ಗೇಟಿನಲ್ಲಿ ವಾಚ್‌ಮನ್ ಮುಖ ನೋಡುತ್ತಿದ್ದೆ. ನಕ್ಕರೆ ಸಮಾಧಾನ. ನಗದಿದ್ದರೆ ಏನೋ ಆಗಿದೆ ಅಂತಲೇ ಲೆಕ್ಕ.

ಒಂದು ಶುಕ್ರವಾರ ಬೆಳಿಗ್ಗೆ ಪಕ್ಕದ ಹಾರ್ಡ್‌ವೇರ್ ಅಂಗಡಿಯವರು ಫೋನ್ ಬಂದಿದೆ ಅಂತ ಕೂಗಿದರು. ದೊಡ್ಡ ಸಾರ್ ಹೋಗಿ ಬಂದರು. ಬಂದವರ ಮುಖ ನೋಡಿಯೇ ನಾನು ಎದ್ದು ನಿಂತೆ.

"ನಾಗರತ್ನ ರಿಜೆಕ್ಟ್ ಮಾಲನ್ನ ಪ್ಯಾಕ್ ಮಾಡಿ ಕಳಿಸಿಬಿಟ್ಟಿದ್ದಾಳಂತೆ. ಬುಷ್ ಮೇಲೆ ಸೀಳು ಇತ್ತಂತೆ. ಮಾಲು ತಗೊಂಡ ಕಂಪನಿಯವರು ಇಡೀ ಲೋಡು ವಾಪಸ್ ಕಳಿಸಿದ್ದಾರೆ. ಬನ್ನಿ ಹೋಗೋಣ."

ಸ್ಕೂಟರಿನ ಹಿಂದೆ ಕೂತು ಪೀಣ್ಯದ ತನಕ ಅದೇ ಯೋಚನೆ. ಹನುಮಂತರಾಯಪ್ಪನವರಿಗೆ ಗೊತ್ತಾದರೆ? ಯಾರಾದರೂ ಬಾಡಿಗೆಯವರು ಇದೇ ಫ್ಯಾಕ್ಟರಿಯಲ್ಲಿ ಇದ್ದರೆ? ಈಗಾಗಲೇ ಹೇಳಿಬಿಟ್ಟಿದ್ದರೆ?

ನಾಗರತ್ನ ತನ್ನ ಮೇಜಿನ ಬಳಿ ಕೈಕಟ್ಟಿ ನಿಂತಿದ್ದಳು. ಏನಾಯಿತು ಅಂತ ಯಾರೂ ಅವಳಿಗೆ ತಿಳಿಸಿರಲಿಲ್ಲ, ಎಲ್ಲರ ಬಾಯಿ ಜೋರಾಗಿ ಆಡುವುದು ಮಾತ್ರ ಅವಳಿಗೆ ಕಾಣುತ್ತಿತ್ತು. ಮಾಲೀಕರು ಕೂಗಾಡುತ್ತಿದ್ದರು. "ಚೀಟಿ ಇಟ್ಟಿದೀನಿ ಅಂತಾರೆ ಮುನಿರಾಜು. ನಿಮ್ಮ ಹುಡುಗಿಗೆ ಓದೋಕೆ ಬರುತ್ತೋ ಇಲ್ವೋ?" ಮುನಿರಾಜು ತಲೆ ತಗ್ಗಿಸಿ, "ಅವತ್ತು ಲೇತ್ ಕೆಟ್ಟು ಆ ಕಡೆ ಓಡ್ದೆ ಸಾರ್. ಟ್ರೇ ಎತ್ತಿಡೋಕೆ ಆಗ್ಲಿಲ್ಲ. ಚೀಟಿ ಮಾತ್ರ ಇಟ್ಟಿದ್ದೆ" ಅಂದು ಕಂಬಿಗೆ ಚುಚ್ಚಿಟ್ಟಿದ್ದ ಚೀಟಿಗಳಿಂದ ಒಂದನ್ನು ಕಿತ್ತು ನನ್ನ ಕೈಗೆ ಕೊಟ್ಟರು.

ಕಳಿಸಬಾರದು.

ನೋಡುತ್ತಾ ನಿಂತೆ. ತಲೆ ಕ, ಬಾಲ ದು. ಕಳಿಸಬಹುದು, ಅದಕ್ಕೂ ತಲೆ ಕ, ಬಾಲ ದು. ಎರಡೂ ಆರಕ್ಷರ, ಉದ್ದವೂ ಒಂದೇ. ಮೊದಲ ಮೂರಕ್ಷರ ಒಂದೇ, ನಾಲ್ಕನೆಯದಕ್ಕೆ ಒಂದು ದೀರ್ಘ ಹೆಚ್ಚು, ಐದನೆಯದು ಮಾತ್ರ ಬೇರೆ. ನಮ್ಮ ಕನ್ನಡದಲ್ಲಿ ಹೌದು, ಅಲ್ಲ ಅನ್ನುವುದು ಪದದ ಸೊಂಟದಲ್ಲಿ ಅಡಗಿ ಕೂತಿರುತ್ತದೆ. ಕಿವಿ ಇರುವ ನಮಗೆ ಅದು ಕೇಳಿಸಿಬಿಡುತ್ತದೆ, ನೋಡುವ ಅಗತ್ಯವೇ ಬೀಳುವುದಿಲ್ಲ. ನಾಗರತ್ನ ನಾನು ಕಲಿಸಿದ ಹಾಗೆಯೇ ತಲೆ ನೋಡಿದ್ದಾಳೆ, ಬಾಲ ನೋಡಿದ್ದಾಳೆ, ಲಾರಿಗೆ ಏರಿಸಿದ್ದಾಳೆ.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಕಲಿಸಿದ್ದೇ ತಪ್ಪು ಅಂದರೆ ಕೇಂದ್ರದ ಹೆಸರು ಹೋಗುತ್ತದೆ, ಇನ್ನು ನಾಲ್ಕು ಜನರ ಕೆಲಸ ಹೋಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಏನಪ್ಪಾ ಅಂದರೆ ನನಗೆ ನಾಚಿಕೆಯಾಗಿತ್ತು, ಭಯವಾಗಿತ್ತು. ಚೀಟಿಯನ್ನು ಮಡಿಸಿ ವಾಪಸ್ ಕೊಟ್ಟೆ.

ದೊಡ್ಡ ಸಾರ್ ಕೈ ಹಿಸುಕಿಕೊಂಡು ಒಂದು ದಾರಿ ಹುಡುಕಿದರು. ಹುಡುಗಿ ಕ್ಷಮಾಪಣೆ ಪತ್ರ ಬರೆದುಕೊಡಲಿ, ಇದೊಂದು ಸಲ ಬಿಟ್ಟುಬಿಡಿ. ಮಾಲೀಕರು, "ಸೋಮವಾರ ತನ್ನಿ. ಅಪ್ಪನ ಸಹಿಯೂ ಇರ್ಲಿ" ಅಂದರು. "ಬೇಡ ಸಾರ್, ಅಪ್ಪನಿಗೆ ತಿಳಿದರೆ ಅವಳನ್ನ ಮನೆಯಿಂದ ಹೊರಗೇ ಬಿಡಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ" ಅಂದೆ. ಅವಳ ಸಹಿ ಒಂದೇ ಸಾಕು ಅಂತ ಒಪ್ಪಿದರು.

ಶನಿವಾರ ಅವಳನ್ನು ಕೇಂದ್ರಕ್ಕೆ ಕರೆಸಿದೆ. ಎರಡು ಚೀಟಿ ಬರೆದು ಮೇಜಿನ ಮೇಲೆ ಇಟ್ಟೆ. ಒಂದರ ಮುಂದೆ ಲಾರಿಯ ಚಿತ್ರ, ಇನ್ನೊಂದರ ಮುಂದೆ ಲಾರಿ ಬರೆದು ಕಾಟು ಹೊಡೆದೆ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ತೋರಿಸಿದೆ. ಐದನೆಯ ಅಕ್ಷರಕ್ಕೆ ಬರುವ ಹೊತ್ತಿಗೆ ಅವಳ ಮುಖ ಬಿಳಿಚಿಕೊಂಡಿತು. ಎರಡು ಚೀಟಿಗಳನ್ನೂ ಕೈಗೆತ್ತಿಕೊಂಡು ಒಂದರ ಪಕ್ಕ ಒಂದು ಹಿಡಿದು ನೋಡಿದಳು. ಫ್ಯಾಕ್ಟರಿಯಲ್ಲಿ ಯಾಕೆ ಅಷ್ಟು ಜನ ಕೂಗಾಡಿದರು ಅನ್ನುವುದು ಅವಳಿಗೆ ಗೊತ್ತಾದದ್ದು ಆಗಲೇ.

ಆಮೇಲೆ ನನ್ನ ಕಡೆ ತಿರುಗಿದಳು. ಹಣೆ ಮುಟ್ಟಿಕೊಂಡಳು, ಸೊಂಟ ತಟ್ಟಿಕೊಂಡಳು, ನನ್ನ ಕಡೆ ಬೆರಳು ತೋರಿಸಿದಳು. ನೀನೇ ತಾನೆ ಹೇಳಿದ್ದು? ನಾನು ಕಣ್ಣು ತಪ್ಪಿಸಿ, ಹೋಗಲಿ ಬಿಡು ಅಂತ ಕೈ ಆಡಿಸಿದೆ.

ಅವಳು ಬಿಡಲಿಲ್ಲ. ಇಂಥವು ಇನ್ನೆಷ್ಟಿವೆ, ತೋರಿಸು ಅಂತ ಹಠ ಹಿಡಿದಳು. ಸಾಯಂಕಾಲದ ತನಕ ಬರೆದೆ. ಬೇಕು, ಬೇಡ. ಇದೆ, ಇಲ್ಲ. ತಿಂದು, ತಿನ್ನದೆ. ನೋಡಿ, ನೋಡದೆ. ಓದಿ, ಓದದೆ. ಪ್ರತಿಯೊಂದಕ್ಕೂ ಚಿತ್ರ, ಪ್ರತಿಯೊಂದಕ್ಕೂ ಕಾಟು. ಅಷ್ಟು ದಿನ ನಾನು ಕಲಿಸಿದ್ದನ್ನೆಲ್ಲ ಅವಳು ಒಂದೇ ದಿನದಲ್ಲಿ ಒಡೆದು ಮತ್ತೆ ಕಟ್ಟಿಕೊಂಡಳು. ನಾನು ಪಕ್ಕದಲ್ಲಿ ಪೆನ್ನು ಹಿಡಿದು ಬೆವರುತ್ತಿದ್ದೆ.

ಸೋಮವಾರ ಮಾಲೀಕರ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಪತ್ರವನ್ನು ದೊಡ್ಡ ಸಾರ್ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದು ತಂದಿದ್ದರು. ಎರಡೇ ಸಾಲು. "ಮಾನ್ಯರೇ, ಚೀಟಿಯನ್ನು ನಾನು ಓದದೆ ಮಾಲು ಕಳಿಸಿದ್ದು ನನ್ನ ತಪ್ಪು. ದಯವಿಟ್ಟು ಕ್ಷಮಿಸಬೇಕು." ಕೆಳಗೆ ಸಹಿಗೆ ಜಾಗ.

ನಾಗರತ್ನಳ ಕೈಗೆ ಪೆನ್ನು ಕೊಟ್ಟೆ. ಸಹಿ ಮಾಡು, ಎಲ್ಲ ಸರಿಹೋಗುತ್ತೆ ಅಂತ ಸನ್ನೆ ಮಾಡಿದೆ. ಅವಳು ಸಹಿಯ ಜಾಗ ನೋಡಲೇ ಇಲ್ಲ. ಮೊದಲ ಅಕ್ಷರದ ಮೇಲೆ ಬೆರಳಿಟ್ಟಳು. ಅಲ್ಲಿಂದ ಎರಡನೆಯದು, ಮೂರನೆಯದು. ಮಾಲೀಕರು ಗಡಿಯಾರ ನೋಡಿಕೊಂಡರು. "ಬೇಗ ಮಾಡ್ಸಿ ಮೇಡಂ." ನಾನು ಅವಳ ಮೊಣಕೈ ಮುಟ್ಟಿದೆ. ಕೊಸರಿಕೊಂಡಳು. ಬೆರಳು "ಓದದೆ"ಗೆ ಬಂದು ನಿಂತಿತು. ನಡುವಿನ ದ ಮೇಲೆ ಎರಡು ಸಲ ತಟ್ಟಿದಳು.

ನಂತರ ಪೆನ್ನು ಬಿಗಿಯಾಗಿ ಹಿಡಿದು "ದದೆ" ಎರಡನ್ನೂ ಹೊಡೆದು ಹಾಕಿದಳು. ಮೇಲೆ ಒಂದೇ ಅಕ್ಷರ ಬರೆದಳು. ದಿ.

ಚೀಟಿಯನ್ನು ನಾನು ಓದಿ ಮಾಲು ಕಳಿಸಿದ್ದು.

"ಏನ್ರೀ ಇದು!" ಮಾಲೀಕರು ಎದ್ದು ನಿಂತರು. "ಓದಿಯೇ ಕಳಿಸ್ದೆ ಅಂತಾಳಲ್ರೀ! ಬೇಕು ಅಂತ ಮಾಡಿದ್ದಾ? ಕರೀರಿ ಅವರಪ್ಪನ್ನ."

ದೊಡ್ಡ ಸಾರ್, "ತಿಳೀದೆ ಬರೆದಿದ್ದಾಳೆ ಸಾರ್, ತಿಳೀದೆ" ಅಂತ ಪತ್ರಕ್ಕೆ ಕೈ ಹಾಕಿದರು. ನಾಗರತ್ನ ಅದರ ಮೇಲೆ ಅಂಗೈ ಊರಿದಳು. ಕೈ ಕದಲಿಸಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ತಿಳಿದೇ ಬರೆದಿದ್ದಾಳೆ" ಅಂದೆ. "ಅವಳು ಓದಿದಾಳೆ ಸಾರ್. ಮೊದಲಕ್ಷರ, ಕೊನೆಯಕ್ಷರ ನೋಡಿ ಓದು ಅಂತ ಕಲಿಸಿದವಳು ನಾನು. ಹಾಗೆ ಓದಿದರೆ ಬಹುದೂ ಒಂದೇ, ಬಾರದೂ ಒಂದೇ. ಎರಡನೆಯ ಪದ ನಾನು ಕಲಿಸಿಯೇ ಇರಲಿಲ್ಲ. ಕನ್ನಡದಲ್ಲಿ ಬರೀರಿ ಅಂತ ಮುನಿರಾಜು ಅವರಿಗೆ ದುಂಬಾಲು ಬಿದ್ದವಳೂ ನಾನೇ."

ಹೊರಗೆ ಲೇತ್‌ಗಳ ಸದ್ದು. ಮಾಲೀಕರು ಮುನಿರಾಜು ಕೈಯಲ್ಲಿ ಹತ್ತು ಚೀಟಿ ಬರೆಸಿ, ಕಲೆಸಿ, ಅವಳ ಮುಂದೆ ಹಾಕಿಸಿದರು. ನಾನು ಸೆರಗಿನ ತುದಿ ಸುತ್ತುತ್ತಾ ನಿಂತೆ. ಅವಳು ಒಂದೊಂದನ್ನೂ ಬೆರಳಿಟ್ಟು ಓದಿ ಎರಡು ರಾಶಿ ಮಾಡಿದಳು. ಒಂದೂ ತಪ್ಪಲಿಲ್ಲ.

"ಇದೆಲ್ಲ ನಿಮಗೆ ಶುಕ್ರವಾರವೇ ಗೊತ್ತಿತ್ತಾ ಮೇಡಂ?" ಮಾಲೀಕರು ಕೇಳಿದರು.

"ಗೊತ್ತಿತ್ತು ಸಾರ್."

"ಸರಿ. ಹುಡುಗಿ ಇರ್ಲಿ. ಅವರಪ್ಪನಿಗೆ ಹೇಳಲ್ಲ. ಇನ್ನು ನಾಲ್ಕು ಜನ ಅಂದಿದ್ನಲ್ಲ, ಅವರನ್ನೂ ಕಳಿಸಿ, ಮಾತು ಮಾತೇ. ಆದ್ರೆ ನೀವು ಮಾತ್ರ ನಾಳೆಯಿಂದ ನಮ್ಮ ಗೇಟಿನೊಳಗೆ ಬರೋದು ಬೇಡ. ಬೇರೆ ಯಾರನ್ನಾದ್ರೂ ಕಳಿಸ್ಲಿ."

ದೊಡ್ಡ ಸಾರ್ ನನ್ನ ಪರವಾಗಿ ಏನೂ ಹೇಳಲಿಲ್ಲ. ಅವರನ್ನು ದೂರುವುದಿಲ್ಲ. ಮೂರು ದಿನ ನಾನೂ ಒಬ್ಬಳ ಪರವಾಗಿ ಏನೂ ಹೇಳಿರಲಿಲ್ಲ.

ನಾಗರತ್ನ ಎಲ್ಲರ ಬಾಯಿ ನೋಡಿ ನೋಡಿ ಸುಸ್ತಾಗಿದ್ದಳು. ಏನಂತೆ ಅಂತ ಕೈಯಲ್ಲಿ ಕೇಳಿದಳು. ನೀನು ಇಲ್ಲೇ, ನಾನು ಹೊರಗೆ ಅಂತ ಸನ್ನೆಯಲ್ಲಿ ಹೇಳಿದೆ. ಹೇಳುವಾಗ ಅಳು ಬಂತು, ತಡೆಯಲಾಗಲಿಲ್ಲ. ಅವಳು ನನ್ನ ಭುಜ ಹಿಡಿದು ನಿಂತಳು. ನಾನು ಕಣ್ಣೊರೆಸಿಕೊಂಡ ಮೇಲೆ ಪತ್ರವನ್ನು ನನ್ನ ಮುಂದೆ ಸರಿಸಿ ಪೆನ್ನು ಕೊಟ್ಟಳು. "ನನ್ನ ತಪ್ಪು" ಅನ್ನುವಲ್ಲಿ ಬೆರಳಿಟ್ಟು, ನನ್ನನ್ನು ತೋರಿಸಿದಳು.

"ಹಾಗೆ ಓದಲು ಕಲಿಸಿದ್ದು ನನ್ನ ತಪ್ಪು" ಅಂತ ಕೆಳಗೆ ಒಂದು ಸಾಲು ಬರೆದು, ಎಂದಿನಂತೆ ಗೀಚಿ ಸಹಿ ಹಾಕಿದೆ. ಅವಳು ಬಗ್ಗಿ ನೋಡಿ ತಲೆ ಅಲ್ಲಾಡಿಸಿದಳು. ಇದು ಓದೋಕೆ ಆಗಲ್ಲ, ಬಿಡಿಸಿ ಬರಿ. ಅದರ ಪಕ್ಕದಲ್ಲೇ ದುಂಡಗೆ ಸರ್ವಮಂಗಳಾ ಅಂತ ಬರೆದೆ. ನನ್ನ ಹೆಸರನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದ ತನಕ, ಒಂದನ್ನೂ ಬಿಡದೆ, ಬೆರಳಿಟ್ಟು ಓದಿದಳು. ಸರಿ ಅಂತ ತಲೆಯಾಡಿಸಿ, ಗೇಜು ತೆಗೆದುಕೊಂಡು ಕೆಲಸಕ್ಕೆ ಹೋದಳು.